ನೆನೆದರೆ ಬಿಕ್ಕಳಿಸುವ ಕಾರು

ಯಾರಾದರೂ ನೆನೆದರೆ ನಮಗೆ ಬಿಕ್ಕಳಿಕೆ ಬರುತ್ತದಂತೆ. ನಮ್ಮ ಹಳೇ ಕಾರ್ಬ್ಯುರೇಟರ್ ಝೆನ್‌ಗೆ ತಾನೇ ನೆನೆದರೆ ಬರುತ್ತಿತ್ತು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕವಿದೆಯೆಂದು ಡೊಂಬಿವಲಿಯಿಂದ ಹೊರಟರೆ ಮುಲುಂಡ್, ಸಯನ್ ದಾಟುವವರೆಗೂ ತೆಪ್ಪಗಿರುವುದು. ಕಿಂಗ್ಸ್ ಸರ್ಕಲ್ಲಿನ ಮಳೆನೀರು ಹಾಯ್ದದ್ದೇ ತಡ, ಗಡಗಡ ನಡುಗಿ ಪಿಕಪ್ ಬಿಡುವುದು. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಮಹಾ ಸಂಭಾವಿತ. ಅಲ್ಲಿ ಪ್ಲಗ್ ಬದಲಾಯಿತು, ಕಾಯಿಲ್ ಬದಲಾಯಿತು, ಪೆಟ್ರೋಲ್ ಪಂಪೂ ಬದಲಾಯಿತು. ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಹೊತ್ತದೆ ಇಂಜಿನ್ ಬಿಕ್ಕುವುದು, ಹಾಗೇ ಉಳಿಯಿತು.

ಹೀಗೆ ಬಂದು ಹೋಗುವ ಮಿಸ್ಸಿಂಗಿಗೆ ಪಾನಾ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ಚೀಟಿ ಇಟ್ಟು, ಯಾವಾಗ ಬಂತು ಎಂದು ಎರಡು ವಾರ ಬರೆಯಿರಿ. ಮಳೆಯಲ್ಲಿ, ತೇವದ ಬೆಳಗಿನಲ್ಲಿ ಮಾತ್ರ ಬಂದರೆ ಪ್ಲಗ್ ವಯರ್ ಅಥವಾ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಅನುಮಾನ. ಇಂಜಿನ್ ಚೆನ್ನಾಗಿ ಕಾದ ಮೇಲೆ ಬಂದು, ಅರ್ಧ ಗಂಟೆ ನಿಲ್ಲಿಸಿದರೆ ವಾಸಿಯಾಗುವುದಾದರೆ ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ನೋಡಿ. ಒಳಗಿನ ಸುರುಳಿಯ ಇನ್ಸುಲೇಷನ್ ಬಿಸಿಗೆ ಸೋತಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ನಡುಕ, ವೇಗ ಹಿಡಿದಾಗ ಸರಾಗ ಎಂದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರಿದು ಗಾಳಿ ಎಳೆಯುತ್ತಿರಬಹುದು. ಖಂಡಾಲಾ ಘಾಟಿ ಹತ್ತುವಾಗ ಮಾತ್ರವಾದರೆ ಪೆಟ್ರೋಲ್ ಫಿಲ್ಟರಿನಲ್ಲಿ ಕಸ ಕಟ್ಟಿರಬಹುದು.

ಮುಂಬೈಯಲ್ಲಿ ಇನ್ನೊಂದನ್ನೂ ಬರೆಯಬೇಕು: ಆಗ ಓಡುತ್ತಿದ್ದದ್ದು ಪೆಟ್ರೋಲಿನಲ್ಲೋ ಸಿಎನ್‌ಜಿಯಲ್ಲೋ. ಸಿಎನ್‌ಜಿ ಹೊತ್ತಿಸಲು ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಬೇಕು. ಸವೆದ ಪ್ಲಗ್ ಪೆಟ್ರೋಲಿನಲ್ಲಿ ಹೇಗೋ ಮರ್ಯಾದೆ ಉಳಿಸಿಕೊಂಡು ಸಿಎನ್‌ಜಿಯಲ್ಲಿ ಸಿಕ್ಕಿಬೀಳುತ್ತದೆ. ಗ್ಯಾಸ್ ಕಿಟ್ಟನ್ನು ಬೈಯುವುದು ಆಮೇಲಾಗಲಿ.

ಈಗ ಇಂಜಿನ್ ತಣ್ಣಗಾದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ಸಾಲಾಗಿಡಿ. ತುದಿ ತೆಳು ಕಂದು ಬಣ್ಣಕ್ಕಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಜಿಡ್ಡು ಕಪ್ಪಾದರೆ ಆಯಿಲ್ ಒಳಗೆ ಇಳಿಯುತ್ತಿದೆ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಎಳೆದಂಥ ಕಪ್ಪು ಗೆರೆ ಕಂಡರೆ ಕರೆಂಟು ಹೊರಗಿನಿಂದಲೇ ಜಾರಿ ಹೋಗುತ್ತಿದೆ, ಆ ಪ್ಲಗ್ ಬಿಸಾಕಿ.

ಒಂದು ಸಿಲಿಂಡರಿನ ಮೇಲೆ ಅನುಮಾನ ಬಂದರೆ ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ. ಮಿಸ್ಸಿಂಗೂ ಜೊತೆಗೇ ಮನೆ ಬದಲಾಯಿಸಿದರೆ ದೋಷ ಪ್ಲಗ್ಗಿನದೇ. ಖರ್ಚು ಸೊನ್ನೆ. ಗ್ಯಾರೇಜಿನಲ್ಲಿ ಇದನ್ನು ಯಾಕೆ ಮಾಡುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಬಹುದಾದ ಕಾರಾದರೆ ಪಿ0303 ಎಂಬ ಕೋಡ್ ಮೂರನೇ ಸಿಲಿಂಡರ್ ಎನ್ನುತ್ತದೆ. ಪಿ0300 ಬಂದರೆ ಇಂಥದ್ದೇ ಎಂದು ಹೇಳಲು ಬರುವುದಿಲ್ಲ.

ವಯರುಗಳಿಗೆ ಮಲ್ಟಿಮೀಟರ್ ಬೇಕು. ಬಿಚ್ಚಿದ ವಯರಿನ ಎರಡು ತುದಿಗೆ ಮೀಟರ್ ಹಿಡಿದು ನಡುವೆ ಮೆಲ್ಲಗೆ ಬಗ್ಗಿಸಿ. ಕಿಲೋ ಓಮ್ ಅಂಕಿ ಕುಣಿದರೆ ಒಳಗೆ ತುಂಡಾಗಿದೆ. ನಮ್ಮ ನಾಲ್ಕೂ ವಯರು ಈ ಪರೀಕ್ಷೆ ಪಾಸಾದವು.

ಉಳಿದದ್ದು ರಾತ್ರಿಯ ಪರೀಕ್ಷೆ. ಸೊಸೈಟಿಯ ಕತ್ತಲ ಮೂಲೆಯಲ್ಲಿ ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವಯರುಗಳ ಮೇಲೆ ಮಂಜಿನಷ್ಟು ನೀರು ಹಾಯಿಸಬೇಕು. ಕೈ ತಾಗಿಸಬಾರದು, ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಮೊದಲು ಪೆಟ್ರೋಲ್ ವಾಸನೆಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಮಾವ ಟಾರ್ಚ್ ಹಿಡಿದು ನೆರವಿಗೆ ಬಂದಿದ್ದರು. "ಅದನ್ನು ಆರಿಸಿ ಮಾವ, ಕತ್ತಲೇ ಬೇಕು" ಎಂದೆ. ಆರಿಸಿದ್ದೇ ತಡ, ಮೂರನೇ ವಯರು ಇಂಜಿನ್ನಿನ ತಗಡಿಗೆ ಉಜ್ಜುತ್ತಿದ್ದ ಕಡೆ ಚಟಚಟ ಎಂದು ನೀಲಿ ಕಿಡಿ. ರಬ್ಬರಿನಲ್ಲಿ ಉಗುರು ಗೀರಿದಷ್ಟು ಬಿರುಕು, ಅಷ್ಟೆ. ಇಡೀ ಸೆಟ್ ಬದಲಿಸಿ, ಹೊಸವನ್ನು ಯಾವುದಕ್ಕೂ ಉಜ್ಜದಂತೆ ಕ್ಲಿಪ್ಪಿನಲ್ಲಿ ಕೂರಿಸಿದೆವು.

ನಾಳೆ ನೋಡೋಣ ಎಂದು ಮಿಸ್ಸಿಂಗಿನಲ್ಲೇ ಓಡಿಸುತ್ತ ಹೋಗಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅದನ್ನೇ ಸುಟ್ಟುಹಾಕಬಹುದು. ಪ್ಲಗ್, ವಯರ್ ಅದಲುಬದಲು ಮಾಡಿದರೂ ದೋಷ ಅದೇ ಸಿಲಿಂಡರಿನಲ್ಲಿ ಕೂತಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಬೇಕು, ಅದಕ್ಕೆ ಗ್ಯಾರೇಜೇ ಆಗಬೇಕು. ಹೋಗುವಾಗ ಆ ಚೀಟಿ ಮರೆಯಬೇಡಿ.