ಶಿಬಿರದ ಮಣ್ಣು ಬೇರೆ, ನಮ್ಮ ತೋಟದ ಮಣ್ಣು ಬೇರೆ

ಐದು ದಿನದ ಮಣ್ಣಿನ ಮನೆ ಶಿಬಿರ ಮುಗಿಸಿ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್, ಅಂಗೈ ತುಂಬ ಬೊಬ್ಬೆ. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೆ: ಸುಡದೆ, ಒತ್ತಿ ಮಾಡುವ ಇಟ್ಟಿಗೆಗೆ ಹತ್ತು ಬುಟ್ಟಿ ಮಣ್ಣಿಗೆ ಎರಡು ಬುಟ್ಟಿ ಮರಳು, ನೂರಕ್ಕೆ ಆರು ಪಾಲು ಸಿಮೆಂಟ್. ಈ ಲೆಕ್ಕವೇ ನನ್ನನ್ನು ಕೆಡಿಸಿದ್ದು.

ಕುಣಿಗಲ್ ಹತ್ತಿರ ನಮ್ಮ ತೋಟ. ಮಹಡಿ ಮೆಟ್ಟಿಲು ಹತ್ತಲಾರದ ಅತ್ತೆಯವರಿಗೆ ಅಲ್ಲೊಂದು ಕೋಣೆ ಕಟ್ಟಬೇಕಿತ್ತು, 12 ಅಡಿಗೆ 14 ಅಡಿ. ಹೇಗೂ ಮಳೆನೀರಿಗೆ ತೊಟ್ಟಿ ತೋಡಿಸುತ್ತಿದ್ದೆವು. ಮೇಲಿನ ಒಂದು ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತೆ, ಅದು ಗೋಡೆಗೆ ಬರಲ್ಲ. ಅದನ್ನು ಬಾಳೆ ಬುಡಕ್ಕೆ ಹಾಕಿ, ಕೆಳಗಿನ ಕೆಂಪು ಮಣ್ಣನ್ನು ಇಟ್ಟಿಗೆಗೆ ಇಟ್ಟುಕೊಂಡೆ.

ಇಟ್ಟಿಗೆ ಒತ್ತಲು ‘ಮರ್ದಿನಿ’ ಯಂತ್ರ ಬಾಡಿಗೆಗೆ ಸಿಕ್ಕಿತು. ಕರೆಂಟ್ ಬೇಡ, ಉದ್ದನೆಯ ಹಿಡಿಗೆ ಜೋತುಬಿದ್ದು ಒತ್ತಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ರೂಪಿಸಿದ ಯಂತ್ರ ಇದು. ಪ್ರೊಫೆಸರ್ ಕೆ.ಎಸ್. ಜಗದೀಶ್ ಅಂಥವರು ವರ್ಷಗಟ್ಟಲೆ ಮಣ್ಣಿನ ಇಟ್ಟಿಗೆ ಹಿಂದೆ ಬಿದ್ದಿದ್ದು ಅಲ್ಲೇ.

ಮೊದಲ ದಿನ 150 ಇಟ್ಟಿಗೆ ಒತ್ತಿದೆವು. ಮಣ್ಣು ಅಚ್ಚಿಗೆ ಅಂಟುತ್ತಿತ್ತು. ಹೊಸ ಯಂತ್ರ, ಎಣ್ಣೆ ಸವರಿದರೆ ಸರಿಹೋಗುತ್ತೆ ಅಂದುಕೊಂಡೆ. ಮೂರನೇ ದಿನ ಗೋಣಿಚೀಲ ಎತ್ತಿ ನೋಡಿದರೆ ಅರ್ಧಕ್ಕರ್ಧ ಬಿರುಕು. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆಮೇಲೆ ಹೊಳೆಯಿತು. ಶಿಬಿರದಲ್ಲಿ ಬಾಟಲಿ ಪರೀಕ್ಷೆ ಮಾಡಿ ತೋರಿಸಿದ್ದು ಅಲ್ಲಿಯ ಮಣ್ಣಿಗೆ. ನಾನು ಲೆಕ್ಕ ಮಾತ್ರ ಎತ್ತಿಕೊಂಡು ಬಂದಿದ್ದೆ, ಪರೀಕ್ಷೆ ಬಿಟ್ಟು ಬಂದಿದ್ದೆ.

ನೆಟ್ಟಗಿರುವ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಅಲ್ಲಾಡದ ಕಡೆ ಇಡಬೇಕು. ಒಂದೆರಡು ನಿಮಿಷದಲ್ಲಿ ಮರಳು ಕೂರುತ್ತೆ, ಅದರ ಮೇಲೆ ನಿಧಾನಕ್ಕೆ ನಯವಾದ ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ. ಮರುದಿನ ಸ್ಕೇಲ್ ಹಿಡಿದು ಅಳೆದೆ. ಮರಳು ಅರ್ಧದಷ್ಟು, ಜೇಡಿ ಕಾಲು ಭಾಗಕ್ಕಿಂತ ಜಾಸ್ತಿ. ಸಿಮೆಂಟ್ ಬೆರೆಸುವ ಇಟ್ಟಿಗೆಗೆ ಮರಳು ನೂರಕ್ಕೆ 65ರಿಂದ 70, ಜೇಡಿ 10ರಿಂದ 15 ಇದ್ದರೆ ಒಳ್ಳೇದು. ಜೇಡಿ ಹೆಚ್ಚಾದರೆ ಒಣಗುವಾಗ ಕುಗ್ಗುತ್ತೆ, ಅದಕ್ಕೇ ಆ ಬಿರುಕು. ಎರೆಮಣ್ಣಿನ ಸೀಮೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಅಲ್ವಾ?

ಮೂರು ಬುಟ್ಟಿ ಮಣ್ಣಿಗೆ ಎರಡು ಬುಟ್ಟಿ ಎಂ ಸ್ಯಾಂಡ್ ಹಾಕಿದೆ. ಅಂಟುವುದು ನಿಂತಿತು. ನೀರಿನ ಹದಕ್ಕೂ ಒಂದು ಉಪಾಯ ಉಂಟು. ಕಲಸಿದ ಮಣ್ಣನ್ನು ಉಂಡೆ ಕಟ್ಟಿ ಎದೆ ಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಜಾಸ್ತಿ. ಬಿಸಿಲೇರಿದಂತೆ ಹದ ಆರುತ್ತೆ, ಗಂಟೆಗೊಮ್ಮೆ ಉಂಡೆ ಬಿಡುತ್ತಲೇ ಇರಬೇಕು. ಸಿಮೆಂಟ್ ಸೇರಿಸಿದ ಮೇಲೆ ಹರಟೆ ಹೊಡೆಯುತ್ತ ಕೂರುವ ಹಾಗಿಲ್ಲ, ಅರ್ಧ ಗಂಟೆಯಲ್ಲಿ ಒತ್ತಿ ಮುಗಿಯುವಷ್ಟನ್ನೇ ಕಲಸುತ್ತಿದ್ದೆವು.

ನಾವು ನಾಲ್ಕು ಜನ, ಕೈ ಪಳಗದವರು. ದಿನಕ್ಕೆ 150 ದಾಟಲಿಲ್ಲ. ಒಂದು ಮೂಟೆ ಸಿಮೆಂಟಿಗೆ ಸುಮಾರು 100 ಇಟ್ಟಿಗೆ ಬಂತು. ಹನ್ನೆರಡು ದಿನಕ್ಕೆ 1,800 ಮುಗಿಸಿ, ಒದ್ದೆ ಗೋಣಿ ಹೊದಿಸಿ ಮೂರು ವಾರ ನೀರುಣಿಸಿದೆವು. ಸುಟ್ಟ ಇಟ್ಟಿಗೆಯಲ್ಲವಲ್ಲ, ಈ ಮೂರು ವಾರದ ನೀರೇ ಅದಕ್ಕೆ ಬೆಂಕಿ.

ಗೋಡೆ ಕಟ್ಟಲು ಬಂದ ಮೇಸ್ತ್ರಿ ಒಂದು ಇಟ್ಟಿಗೆ ಕೈಗೆತ್ತಿಕೊಂಡು, “ಅಕ್ಕಾ, ಇದು ಮಣ್ಣು. ಮಳೆ ಬಂದ್ರೆ ಕರಗೋಗುತ್ತೆ,” ಅಂದರು. ಬಕೆಟ್ ನೀರಿಗೆ ಅವರೇ ಅದನ್ನು ಹಾಕಿ ಹೋದರು. ಎರಡು ದಿನ ಬಿಟ್ಟು ಬಂದು ಹೊರಗೆ ತೆಗೆದರು, ಉಗುರಲ್ಲಿ ಕೆರೆದರು, ಕರಣೆ ಹಿಡಿಯಿಂದ ಕುಟ್ಟಿದರು. “ಪಾಯ ಸೈಜುಗಲ್ಲಲ್ಲೇ ಹಾಕಣ, ನೆಲದಿಂದ ಎರಡಡಿ ಎತ್ತರಕ್ಕೆ,” ಅಂದರು. ಒಪ್ಪಿಗೆ ಅಂತ ನಾನೇ ಅರ್ಥಮಾಡಿಕೊಂಡೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಮಣ್ಣು, ಆರು ಪಾಲು ಮರಳಿನ ಗಾರೆಯಲ್ಲಿ ವರಸೆ ಏರಿಸಿದರು. ಮೇಲೆ ಮಂಗಳೂರು ಹೆಂಚು, ಸೂರು ಎರಡೂವರೆ ಅಡಿ ಮುಂದಕ್ಕೆ. ಹೊರಗೋಡೆಗೆ ಗಿಲಾವೇ ಇಲ್ಲ.

ಒಳಗಿನ ಮೆತ್ತುವ ಕೆಲಸ ಮಾತ್ರ ಅತ್ತೆಯವರದು. ನಾನು ಶಿಬಿರದಲ್ಲಿ ಕಲಿತ ಲೆಕ್ಕ ಹೇಳಹೊರಟರೆ, “ಸುಮ್ನಿರವ್ವ,” ಅಂದರು. ಅವರ ತವರಿನದು ಮುದ್ದೆ ಗೋಡೆಯ, ಅಂದರೆ ಹಸಿ ಮಣ್ಣಿನ ಮುದ್ದೆ ಪೇರಿಸಿ ಕಟ್ಟಿದ ಮನೆಯಂತೆ. ಮಣ್ಣು, ಸಗಣಿ, ಕೊಚ್ಚಿದ ಭತ್ತದ ಹುಲ್ಲು ತುಳಿಸಿ ಒಂದು ವಾರ ಕೊಳೆಹಾಕಿಸಿದರು. ನಾಲ್ಕು ಹದದಲ್ಲಿ ಒಂದೊಂದು ಮೊಳ ಮೆತ್ತಿಸಿ, ಒಣಗಿದ ಮೇಲೆ ಅಂಗೈಯಿಂದ ಉಜ್ಜಿ ನೋಡಿ, ಬಿರಿಯದ, ಪುಡಿ ಉದುರದ ಮೂರನೆಯದನ್ನು ಆರಿಸಿದರು. ಅವರಿಗೂ ಪಕ್ಕಾ ಲೆಕ್ಕ ಗೊತ್ತಿರಲಿಲ್ಲ, ಪರೀಕ್ಷೆ ಗೊತ್ತಿತ್ತು.

ಬಿರುಕು ಬಿಟ್ಟ ಆ ಮೊದಲ ಇಟ್ಟಿಗೆಗಳನ್ನು ಬಿಸಾಡಲು ಮನಸ್ಸಾಗಲಿಲ್ಲ. ಮಾವಿನ ಮರದ ಸುತ್ತ ಕಟ್ಟೆ ಕಟ್ಟಿದೆವು. ಎರಡು ಮಳೆಗಾಲಕ್ಕೆ ಅದರ ಮೂಲೆಗಳೆಲ್ಲ ಸವೆದು ದುಂಡಗಾಗಿವೆ. ಅತ್ತೆಯವರು ಸಂಜೆ ಹೊತ್ತು ಕೂರುವುದು ಅಲ್ಲೇ.