ಉಕ್ಕಿನಂಗಿ, 14 ನಗೆಗಥೆ: ಸಂಕಲನ ಕಟ್ಟಿದ್ದು ಹೀಗೆ

ಯೋಧೆಯರ ಫ್ಯಾಂಟಸಿ, ಅದೂ ಬರೀ ಹಾಸ್ಯ! ಮೂರನೇ ಕಥೆಗೇ ಓದುಗರು ಆಕಳಿಸುತ್ತಾರೆ ಅಂದವರೇ ಹೆಚ್ಚು. ಪುಸ್ತಕ ಎರಡನೇ ಮುದ್ರಣಕ್ಕೆ ಹೋಗಿದೆ, ಈಗ ಹೇಳಬಹುದು.

ಕಥೆ ಕಳಿಸಿ ಎಂದು ಲೇಖಕರಿಗೆ ಕೊಟ್ಟ ಮೊದಲ ಕರೆ ಪೂರಾ ಕೆಟ್ಟಿತು. ‘ತಮಾಷೆಯಾಗಿರಲಿ’ ಎಂದಷ್ಟೇ ಬರೆದದ್ದು ತಪ್ಪು. ಬಂದ 120 ಚಿಲ್ಲರೆ ಕಥೆಗಳಲ್ಲಿ ಅರ್ಧದಷ್ಟು, ಫ್ಯಾಂಟಸಿ ಚಿತ್ರಗಳಲ್ಲಿ ಯೋಧೆಯರಿಗೆ ಕವಚವೆಂದು ತೊಡಿಸುವ ಕಬ್ಬಿಣದ ಬಿಕಿನಿಯ ಜೋಕಿನ ಮೇಲೇ ನಿಂತಿದ್ದವು. ಎರಡನೇ ಕರೆಗೆ ಮೂರು ಷರತ್ತು: ಬಿಕಿನಿ ಜೋಕು ಇಡೀ ಪುಸ್ತಕಕ್ಕೆ ಒಂದೇ, ನಗು ಯೋಧೆಯ ಕೆಲಸದಿಂದ ಹುಟ್ಟಬೇಕು, ಹೆಣ್ಣು ಅನ್ನುವುದರಿಂದಲ್ಲ, ಆಯುಧ, ಕವಚಗಳ ತೂಕದ ಲೆಕ್ಕ ತಪ್ಪಬಾರದು.

ಮೂರನೆಯದಕ್ಕೇ ಜಗಳ ಜಾಸ್ತಿ. ಡ್ರ್ಯಾಗನ್ ಹಾರುವ ಕಡೆ ತೂಕ ಯಾಕೆ ಅಂತ. ಡ್ರ್ಯಾಗನ್ನನ್ನು ನಂಬಿಸಲಿಕ್ಕೇ ಉಳಿದದ್ದೆಲ್ಲ ನಿಜವಿರಬೇಕು! ಒಂಟಿಗೈ ಕತ್ತಿ ಒಂದೂಕಾಲು ಕಿಲೋ ಆಸುಪಾಸು, ಐದಲ್ಲ. ಚೈನ್‌ಮೇಲ್, ಅಂದರೆ ಕಬ್ಬಿಣದ ಉಂಗುರ ಹೆಣೆದ ಅಂಗಿ, ಹತ್ತು ಕಿಲೋ ತೂಗಿ ಹೆಗಲನ್ನೇ ಜಗ್ಗುತ್ತದೆ; ಸೊಂಟಕ್ಕೆ ಪಟ್ಟಿ ಬಿಗಿದರೆ ಒಂದಷ್ಟು ಭಾರ ಅಲ್ಲಿಗಿಳಿಯುತ್ತದೆ. ಒಳಗೆ ದಪ್ಪ ಮೆತ್ತೆಯಂಗಿ ಇಲ್ಲದಿದ್ದರೆ ಚರ್ಮ ಕೊಯ್ಯದ ಏಟೂ ಮೂಳೆ ಮುರಿದೀತು. ಎದೆಕವಚಕ್ಕೆ ಎರಡು ಉಬ್ಬು ಕೊಟ್ಟರೆ ಈಟಿಯ ಮೊನೆ ಜಾರಿ ನೇರ ನಡು ಎದೆಮೂಳೆಗೆ ಬರುತ್ತದೆ. ಈ ಒಂದು ವಿವರದಿಂದಲೇ ಸಂಕಲನದ ಅತಿ ತಮಾಷೆಯ ಕಥೆ ಹುಟ್ಟಿತು: ಯೋಧೆ ಕಮ್ಮಾರನಿಗೆ ಬರೆದ ದೂರಿನ ಪತ್ರಗಳು. ತುಕ್ಕು ಬಿಡಿಸಲು ಅಂಗಿಯನ್ನು ಮರಳು ತುಂಬಿದ ಪೀಪಾಯಿಗೆ ಹಾಕಿ ಉರುಳಿಸುವ ಪದ್ಧತಿಯಿಂದ ಇನ್ನೊಂದು.

ನಡುವೆ ಹುಚ್ಚು ಹಿಡಿದು 8 ಮಿಮೀ ಉಂಗುರಗಳಲ್ಲಿ ನಾಲ್ಕಕ್ಕೊಂದು ಹೆಣಿಗೆಯ (ಒಂದು ಉಂಗುರಕ್ಕೆ ಸುತ್ತಲಿನ ನಾಲ್ಕರ ಕೊಂಡಿ) ಅಂಗೈಯಗಲದ ತುಂಡನ್ನೂ ಹೆಣೆದದ್ದಾಯಿತು. ಎರಡು ಸಂಜೆ ಹೋಯಿತು. ಪುಸ್ತಕಕ್ಕೆ ಉಪಯೋಗವಿಲ್ಲ, ಆದರೆ ‘ಒಂದೇ ರಾತ್ರಿಯಲ್ಲಿ ಕವಚ ಹೆಣೆದಳು’ ಎಂಬ ಸಾಲನ್ನು ಹೊಡೆದು ಹಾಕುವಾಗ ಕೈ ನಡುಗಲಿಲ್ಲ.

ಹಣದಲ್ಲಿ ಎರಡು ಸಲ ಮುಗ್ಗರಿಸಿದ್ದು. ರಾಯಧನ ಸಮಪಾಲು ಅಂದಾಗ 4,000 ಪದದವರು 1,200 ಪದದವರನ್ನು ನೋಡಿ ಮುನಿಸಿಕೊಂಡರು. ಪದದ ಲೆಕ್ಕಕ್ಕೆ ಹೋದರೆ ಯಾರೂ ಒಂದು ಸಾಲು ಕತ್ತರಿಸಲು ಒಪ್ಪರು; ಹಾಸ್ಯಕಥೆಗೆ ಕತ್ತರಿಯೇ ಪ್ರಾಣ. ಕೊನೆಗೆ ನಿಂತದ್ದು ಹೀಗೆ: ಲೇಖಕರ ಪಾಲಿನಲ್ಲಿ ಅರ್ಧ ಸಮನಾಗಿ, ಅರ್ಧ ಪದಕ್ಕೆ ತಕ್ಕಂತೆ, ಪದಗಳ ಎಣಿಕೆ ಸಂಪಾದನೆಯ ಮೊದಲಿನ ಪ್ರತಿಯದ್ದು. ಕತ್ತರಿಸಿದರೂ ದುಡ್ಡು ಕಮ್ಮಿಯಾಗದು ಅಂತಾದ ಮೇಲೆ ಜಗಳ ನಿಂತಿತು. ಮುಂಗಡ ಕೊಡದೆ ಇಬ್ಬರು ಒಳ್ಳೆಯ ಲೇಖಕಿಯರು ಕೈಬಿಟ್ಟು ಹೋದದ್ದು ಮಾತ್ರ ಸರಿಹೋಗಲಿಲ್ಲ.

ಜೋಡಣೆಯಲ್ಲಿ ಅತ್ಯುತ್ತಮ ಕಥೆ ಮೊದಲು, ಅದಕ್ಕೆ ಸಮೀಪದ್ದು ಕೊನೆಗೆ, ಉದ್ದದ್ದು ಏಳನೆಯದು. ಮೂರು ಗದ್ದಲದ ಕಥೆಗಳಾದ ಮೇಲೆ ಒಂದು ಮೆಲುನಗೆಯದು. ಇದಿಲ್ಲದಿದ್ದರೆ ಆಕಳಿಕೆಯ ಭವಿಷ್ಯ ನಿಜವಾಗುತ್ತಿತ್ತು. ಎರಡನೇ ಕಥೆ ಆರಿಸುವ ಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟೇ ಫಾರಂ; 16 ಪುಟದ ಫಾರಂ ಲೆಕ್ಕದಲ್ಲಿ 13 ಫಾರಂ, 208 ಪುಟ. ಕಥೆಗಳೆಲ್ಲ ಸೇರಿ 198ಕ್ಕೇ ಮುಗಿದವು. ಉಳಿದ ಹತ್ತು ಪುಟಕ್ಕೆ ಕವಚ ತೊಳೆಯುವ ಸೂಚನೆ ಹಾಕಿದೆವು. ಓದುಗರ ಪತ್ರ ಹೆಚ್ಚು ಬಂದದ್ದು ಅದಕ್ಕೇ.