ಸಾರಾಂಶ ಆಮೇಲೆ, ಮೊದಲು ಪೆನ್ಸಿಲ್ ತಗೊಳ್ಳಿ

ಬಿ.ಎ. ಮೊದಲ ಸೆಮಿಸ್ಟರ್‌ನ ಐಚ್ಛಿಕ ಕನ್ನಡ ತರಗತಿಗೆ ಕಾಲಿಟ್ಟ ದಿನವೇ ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ. ‘ಮೇಡಂ, ನೋಟ್ಸ್ ಕೊಡ್ತೀರಾ?’ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಹಾಗೇ ಕೇಳಿದವಳು. ಗೈಡಿನ ಸಾರಾಂಶ ಬಾಯಿಪಾಠ ಮಾಡಿ ಮೊದಲ ಇಂಟರ್ನಲ್ಸ್‌ಗೆ ಕೂತಿದ್ದೆ. ‘ಈ ಮಾತನ್ನು ಯಾರು ಯಾರಿಗೆ ಹೇಳಿದರು?’ ಅಂತ ಪ್ರಶ್ನೆ ಇತ್ತು. ನಾನು ಕಥೆಯನ್ನೇ ಓದಿರಲಿಲ್ಲ. 20ಕ್ಕೆ 6 ಬಂತು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರು ಬರುವವರೆಗೂ ಅತ್ತೆ.

ಅದಾದ ಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಅರ್ಥ ಏನು ಅಂತ ಕೇಳುವ ಮೊದಲು, ಕಾಗದದ ಮೇಲೆ ಏನಿದೆ ಅಂತ ನೋಡಬೇಕು. ಅದಕ್ಕೆ ಪೆನ್ಸಿಲ್ ಬೇಕು, ಬಾಯಿ ಬೇಕು.

ಪದ್ಯದಿಂದ ಶುರು ಮಾಡೋಣ, ಎಲ್ಲರೂ ಹೆದರುವುದು ಅದಕ್ಕೇ. ಹಳಗನ್ನಡ ಅಂದರಂತೂ ಇನ್ನೂ ಜಾಸ್ತಿ. ನಾನು ಮೊದಲ ವಾರ ಬೋರ್ಡಿನ ಮೇಲೆ ಬರೆಯುವುದು ಬಾದಾಮಿಯ ಬಂಡೆಯ ಮೇಲಿರುವ, ಕ್ರಿ.ಶ. ಸುಮಾರು 700ರ ಕಪ್ಪೆ ಅರಭಟ್ಟ ಎಂಬ ವೀರನ ಶಾಸನದ ಈ ತ್ರಿಪದಿಯನ್ನು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮೂರು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಆಗಲ್ಲ. ನಾಲಿಗೆ ಎಲ್ಲಿ ತಡೆಯಿತು, ಎಲ್ಲಿ ಜಾರಿತು ಅಂತ ಗಮನಿಸಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಬಾಧಿಪ್ಪ ಅಂದಾಗ ತುಟಿ ಗಟ್ಟಿಯಾಗಿ ಮುಚ್ಚುತ್ತೆ ಮೇಡಂ, ಮೊದಲ ಸಾಲಲ್ಲಿ ಹಾಗಾಗಲ್ಲ’ ಅಂದ. ಆ ಹುಡುಗ ಪಿಯುಸಿವರೆಗೆ ಕನ್ನಡದಲ್ಲಿ ಕಷ್ಟಪಟ್ಟು ಪಾಸಾಗಿದ್ದವನು. ಆ ದಿನ ನನಗಾದ ಸಂತೋಷ ಇವತ್ತಿಗೂ ಇದೆ. ಮೃದುವಾದ ಸಾಲಿನ ಹಿಂದೆಯೇ ಗಡಸು ಸಾಲು ಬರುತ್ತದೆ ಎಂಬುದನ್ನು ಅವನು ಯಾವ ಗೈಡ್ ಇಲ್ಲದೆ ತನ್ನ ತುಟಿಯಿಂದಲೇ ಕಂಡುಕೊಂಡಿದ್ದ.

ಈಗ ಪೆನ್ಸಿಲ್. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಸುತ್ತು ಹಾಕಿ. ಧು, ಧಿ, ಧ. ಮೂರರಲ್ಲೂ ಇರುವುದು ಧಕಾರವೇ. ಇದಕ್ಕೆ ಆದಿಪ್ರಾಸ ಅನ್ನುತ್ತಾರೆ. ಕಣ್ಣಾರೆ ಕಂಡ ಮೇಲೆ ಹೆಸರು ಕಲಿತರೆ ಮರೆಯುವುದಿಲ್ಲ.

ಆಮೇಲೆ ಎರಡು ಸಲ ಬಂದ ಮಾತುಗಳಿಗೆ ಗೆರೆ ಎಳೆಯಿರಿ. ಸಾಧುವಿಗೆ ಸಾಧು. ಮಾಧುರ್ಯಕ್ಕೆ ಮಾಧುರ್ಯ. ಕೊಟ್ಟದ್ದೇ ವಾಪಸ್ ಬರುತ್ತಿದೆ, ಅಲ್ವಾ? ಹಾಗಾದರೆ ‘ಬಾಧಿಪ್ಪ ಕಲಿಗೆ’ ಆದ ಮೇಲೆ ಕಿವಿ ಏನನ್ನು ಕಾಯುತ್ತದೆ? ‘ಕಲಿ’ ಎಂಬ ಮಾತನ್ನೇ. ಬರುವುದು ‘ಕಲಿಯುಗ ವಿಪರೀತನ್’. ಅದೇ ಎರಡು ಅಕ್ಷರದಿಂದ ಹೊರಟ ಮಾತು ಒಂದು ಯುಗದಷ್ಟು ದೊಡ್ಡದಾಗಿಬಿಡುತ್ತದೆ. ಕಾಡಲು ಬಂದವನು ತನ್ನ ಅಳತೆಯ ಎದುರಾಳಿಯನ್ನು ನಿರೀಕ್ಷಿಸಿದ್ದ, ಸಿಕ್ಕವನೇ ಬೇರೆ. ಇದನ್ನು ಕಂಡುಕೊಂಡರೆ ಪದ್ಯದ ಮುಕ್ಕಾಲು ಭಾಗ ನಿಮ್ಮ ಕೈಗೆ ಬಂದ ಹಾಗೆ. ಮೂರನೆಯ ಸಾಲಿನಲ್ಲಿ ಕೊಡು-ಕೊಳ್ಳುವ ಮಾತೇ ನಿಂತುಹೋಗುತ್ತದೆ. ಇವನು ಮಾಧವನೇ, ಬೇರೆ ಯಾರೂ ಅಲ್ಲ. ಇನ್ನೊಂದು ನೋಡಿ: ಈ ಮೂರು ಸಾಲಿನಲ್ಲಿ ಅರಭಟ್ಟನ ಹೆಸರೇ ಇಲ್ಲ. ‘ಈತನ್’ ಅಷ್ಟೆ.

ನಿಘಂಟು ತೆರೆಯುವುದು ಇಷ್ಟಾದ ಮೇಲೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ನಿಮ್ಮ ಲೈಬ್ರರಿಯಲ್ಲಿ ಇದೆಯಾ ಅಂತ ವಿಚಾರಿಸಿ. ಹಳಗನ್ನಡದ ಪಕಾರ ಎಷ್ಟೋ ಕಡೆ ಇಂದು ಹಕಾರ ಆಗಿದೆ ಎಂಬುದೊಂದು ನೆನಪಿದ್ದರೆ ಅರ್ಧ ಕೆಲಸ ಹಗುರ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆರ ಹೆರ ಆಯಿತು. ಹೆರ ಅಂದರೆ ಬೇರೆಯವ.

ಕಥೆಗೆ ಬೇರೆ ಉಪಾಯ. ಕಥೆ ಓದುವಾಗ ಮುಂದೇನಾಯಿತು ಅಂತ ಓಡುತ್ತೇವೆ. ಮೊದಲ ಸಲ ಹಾಗೇ ಓಡಿ, ತಪ್ಪೇನಿಲ್ಲ. ಎರಡನೆಯ ಸಲ ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ, ಕಥೆ ಹೇಳುವವರು ಕಣ್ಣಾರೆ ಕಂಡದ್ದು. ಬಲಕ್ಕೆ, ಬೇರೆಯವರಿಂದ ಕೇಳಿದ್ದು. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕಥೆಯಲ್ಲಿ ಇದನ್ನು ಮಾಡಿ ನೋಡಿ. ಮಂಗಮ್ಮ ಮೊಸರು ಕೊಡಲು ಬರುವ ಮನೆಯ ಹೆಂಗಸು ನಮಗೆ ಕಥೆ ಹೇಳುತ್ತಾಳೆ. ಮಗುವನ್ನು ಹೊಡೆದ ವಿಷಯಕ್ಕೆ ಸೊಸೆಯೊಂದಿಗೆ ಆದ ಜಗಳ ಅವಳ ಕಣ್ಣೆದುರು ನಡೆದದ್ದಲ್ಲ. ಮೊಸರಿನ ಜೊತೆ ಮಂಗಮ್ಮ ತಂದ ಮಾತು ಅದು. ಬಲಗಡೆಯೇ ತುಂಬುತ್ತಾ ಹೋಗುತ್ತದೆ. ಸೊಸೆ ನಂಜಮ್ಮನ ಮಾತು ನಮಗೆ ಸಿಗುವುದು ತಡವಾಗಿ. ಅಷ್ಟರಲ್ಲಿ ನೀವು ಯಾರ ಪಕ್ಷ ಸೇರಿಬಿಟ್ಟಿದ್ದಿರಿ ಅಂತ ಪ್ರಾಮಾಣಿಕವಾಗಿ ಬರೆದಿಡಿ. ನನ್ನ ತರಗತಿಯಲ್ಲಿ ಮದುವೆಯಾಗಿ ಓದಲು ಬಂದಿದ್ದ ಒಬ್ಬಳು ಮೊದಲ ಪುಟದಿಂದಲೂ ಸೊಸೆಯ ಪರವಾಗಿದ್ದಳು. ‘ಆ ಕಡೆ ಏನಾಯ್ತು ಅಂತ ಯಾಕೆ ಯಾರೂ ಕೇಳ್ತಿಲ್ಲ?’ ಅಂತ ಅವಳು ಮಾರ್ಜಿನ್ನಿನಲ್ಲಿ ಬರೆದಿದ್ದಳು. ಕಥೆ ಹೇಗೆ ಕಟ್ಟಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ನಾನು ನೋಡಿಲ್ಲ.

ನಾಟಕವನ್ನು ಒಬ್ಬರೇ ಓದಬೇಡಿ. ಇಬ್ಬರಾದರೂ ಬೇಕು. ಗಿರೀಶ ಕಾರ್ನಾಡರ ‘ತುಘಲಕ್’ ಪಠ್ಯವಾಗಿದ್ದಾಗ ಎರಡನೆಯ ದೃಶ್ಯಕ್ಕೆ ಕ್ರೀಡಾ ವಿಭಾಗದಿಂದ ಚದುರಂಗದ ಹಲಗೆ ತಂದು ಮೇಜಿನ ಮೇಲೆ ಇಟ್ಟೆ. ಆ ದೃಶ್ಯದಲ್ಲಿ ಸುಲ್ತಾನ ಚದುರಂಗದ ಮುಂದೆ ಕೂತಿರುತ್ತಾನೆ, ಮಲತಾಯಿ ಬರುತ್ತಾಳೆ. ಅವನು ಬಿಡಿಸಿದ ಚದುರಂಗದ ಸಮಸ್ಯೆಯ ಮಾತಿನ ನಡುವೆಯೇ, ಗೆಳೆಯ ಐನ್-ಉಲ್-ಮುಲ್ಕ್ ಸೈನ್ಯ ಕಟ್ಟಿಕೊಂಡು ದಿಲ್ಲಿಯ ಮೇಲೆ ಬರುತ್ತಿದ್ದಾನೆ ಎಂಬ ಸುದ್ದಿ ಹೊರಬೀಳುತ್ತದೆ. ಸುಲ್ತಾನನ ಮಾತು ಓದುವವನ ಕೈಯಲ್ಲಿ ಒಂದು ಕಾಯಿ ಕೊಟ್ಟು, ‘ಇದನ್ನು ಯಾವ ಮಾತಿನ ಹೊತ್ತಿಗೆ ಕೆಳಗಿಡ್ತೀಯ?’ ಅಂತ ಕೇಳಿದೆ. ಸುದ್ದಿ ಹೇಳುವ ಮೊದಲೋ, ಹೇಳಿದ ಮೇಲೋ? ಅರ್ಧ ಗಂಟೆ ಜಗಳ ಆಯಿತು. ಮೊದಲೇ ಇಟ್ಟರೆ ಅವನಿಗೆ ಭಯ ಇದೆ, ಇಡದೇ ಮಾತಾಡಿದರೆ ಯುದ್ಧವೂ ಅವನಿಗೆ ಆಟವೇ. ಪಾತ್ರದ ಸ್ವಭಾವದ ಬಗ್ಗೆ ಟಿಪ್ಪಣಿ ಬರೆಯಿರಿ ಅಂದರೆ ಇದನ್ನೇ ಬರೆಯಬೇಕು.

ಹಾಗೆಯೇ ರಂಗಸೂಚನೆಗಳನ್ನು ಹಾರಿಸಬೇಡಿ. ವೇದಿಕೆಯ ಮೇಲಿದ್ದೂ ಸುಮ್ನೆ ಇರುವವರು ಯಾರು ಅಂತ ಪ್ರತಿ ದೃಶ್ಯಕ್ಕೂ ಪಟ್ಟಿ ಮಾಡಿ. ಹೆಗ್ಗೋಡಿನ ನೀನಾಸಂ ತಿರುಗಾಟ ನಿಮ್ಮ ಊರಿನ ಹತ್ತಿರ ಬಂದರೆ, ಪಠ್ಯದ ನಾಟಕ ಅಲ್ಲದಿದ್ದರೂ ಹೋಗಿ ಬನ್ನಿ.

ಪರೀಕ್ಷೆಗೆ ಹೆಚ್ಚು ಹೇಳಬೇಕಾಗಿಲ್ಲ. ‘ಕವಿ ಮನೋಜ್ಞವಾಗಿ ವರ್ಣಿಸಿದ್ದಾರೆ’ ಎಂಬ ವಾಕ್ಯ ಬಂದರೆ ಹೊಡೆದುಹಾಕಿ. ಅದರ ಜಾಗದಲ್ಲಿ ಪಠ್ಯದ ಒಂದು ಮಾತನ್ನು ಹಾಗೇ ಎತ್ತಿ ಬರೆದು, ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಎರಡು ವಾಕ್ಯ ಬರೆಯಿರಿ. ಸಂದರ್ಭ ಸಹಿತ ವಿವರಿಸಿ ಅಂದಾಗಲೂ ಇದೇ.

ಗೈಡ್ ಬೇಡ ಅಂತ ನಾನು ಹೇಳುವುದಿಲ್ಲ. ಎರಡು ಸಲ ಓದಿ, ಗೆರೆ ಎಳೆದ ಮೇಲೆ ತೆರೆಯಿರಿ. ಅದರಲ್ಲಿರುವ ಮಾತು ನಿಮ್ಮ ಪೆನ್ಸಿಲ್ ಗುರುತಿಗೆ ಹೊಂದದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ತರಗತಿಗೆ ತನ್ನಿ. ನನ್ನ ತರಗತಿಯ ಮೊದಲ 10 ನಿಮಿಷ ಅದಕ್ಕೇ ಮೀಸಲು. ನಿಮ್ಮ ಮೇಷ್ಟ್ರನ್ನೂ ಕೇಳಿ ನೋಡಿ, ಕೊಡುತ್ತಾರೆ.